ಜಾಯ್‌ಸ್ಟಿಕ್ ಒಂದೇ ಸಾಲದು

ಮನೆಯ ಕಂಪ್ಯೂಟರ್‌ನಲ್ಲಿ ಅಪಾಚೆ ಅನ್ನುವ ಯುದ್ಧ ಹೆಲಿಕಾಪ್ಟರ್ ಹಾರಿಸಲು ಜಾಯ್‌ಸ್ಟಿಕ್ ಒಂದಿದ್ದರೆ ಸಾಕು ಅಂತ ಬರೆದಿದ್ದೀರಿ. ಮಿಕ್ಕಿದ್ದೆಲ್ಲ ಸರಿ, ಇದೊಂದು ಮಾತ್ರ ಒಪ್ಪಲು ಆಗಲಿಲ್ಲ. ಹೆಲಿಕಾಪ್ಟರ್‌ನಲ್ಲಿ ಅರ್ಧ ಕೆಲಸ ಕಾಲಿನದೇ ಅಲ್ವಾ?

ಡಿಸಿಎಸ್ ವರ್ಲ್ಡ್ ಅನ್ನುವ ಕಂಪ್ಯೂಟರ್ ಹಾರಾಟದ ಆಟದಲ್ಲಿ ನಾನು ಮೊದಲು ಕಲಿತದ್ದು ಕಾ-50 ಅನ್ನುವ ರಷ್ಯದ ಹೆಲಿಕಾಪ್ಟರ್. ಅದಕ್ಕೆ ಒಂದರ ಮೇಲೊಂದು ಎರಡು ರೋಟರ್ (ತಿರುಗುವ ರೆಕ್ಕೆಗಳು), ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿ ಪರಸ್ಪರ ಸರಿದೂಗಿಸುತ್ತವೆ. ಬಾಲದ ರೋಟರ್ ಬೇಕಾಗಿಲ್ಲ. ಮೂತಿಯೂ ಅಷ್ಟಾಗಿ ಆಚೀಚೆ ತಿರುಗುವುದಿಲ್ಲ. ಅದೇ ಧೈರ್ಯದಲ್ಲಿ ಅಪಾಚೆ ಹತ್ತಿದೆ. ಅದಕ್ಕೆ ಮೇಲೆ ಒಂದೇ ರೋಟರ್. ಕಲೆಕ್ಟಿವ್ (ಹೆಲಿಕಾಪ್ಟರ್ ಮೇಲೇರಿಸುವ ಸನ್ನೆ) ಎತ್ತಿದ ತಕ್ಷಣ ಮೂತಿ ಬಲಕ್ಕೆ ಓಡಿತು. ಅದನ್ನು ತಡೆಯಲು ಕಾಲಿನಿಂದ ಎಡ ಪೆಡಲ್ ಒತ್ತಲೇಬೇಕು. ರಷ್ಯದ ಇನ್ನೊಂದು ಹೆಲಿಕಾಪ್ಟರ್ ಎಂಐ-24ರ ರೋಟರ್ ಇನ್ನೊಂದು ದಿಕ್ಕಿಗೆ ತಿರುಗುವುದರಿಂದ ಅಲ್ಲಿ ಬಲ ಪೆಡಲ್. ಒಂದಕ್ಕೆ ಕಾಲು ಒಗ್ಗಿತು ಅನ್ನುವಷ್ಟರಲ್ಲಿ ಇನ್ನೊಂದು ಕೈಕೊಡುತ್ತದೆ.

ಪೆಡಲ್ ತಂದ ಮೇಲೆ ಹೊಸ ತಾಪತ್ರಯ. ಜೋರಾಗಿ ಒತ್ತಿದರೆ ಚಕ್ರದ ಕುರ್ಚಿಯೇ ಹಿಂದಕ್ಕೆ ಜಾರುತ್ತಿತ್ತು! ಕೊನೆಗೆ ಕುರ್ಚಿಯನ್ನು ಬಟ್ಟೆ ಒಣಗಿಸುವ ಹಗ್ಗದಿಂದ ಮೇಜಿನ ಕಾಲಿಗೆ ಕಟ್ಟಿದೆ. ಮನೆಯವರು ನೋಡಿ ನಕ್ಕಿದ್ದೇ ನಕ್ಕಿದ್ದು.

ಇಳಿಯುವಾಗ ಅವಸರ ಬೇಡ ಅಂತಲೂ ಸೇರಿಸಬೇಕಿತ್ತು. ಮುಂದಕ್ಕೆ ಹೋಗುವ ವೇಗ ಇಲ್ಲದೆ ಸರ್ರನೆ ಇಳಿದರೆ ರೋಟರ್ ತಾನೇ ತಳ್ಳಿದ ಗಾಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಹೆದರಿ ಕಲೆಕ್ಟಿವ್ ಎತ್ತಿದರೆ ಇನ್ನೂ ಜಾಸ್ತಿ ಬೀಳುತ್ತದೆ. ಮೂತಿ ತಗ್ಗಿಸಿ ಮುಂದಕ್ಕೆ ನುಗ್ಗಬೇಕು. ನಾನಂತೂ ಕ್ಷಿಪಣಿ ತಗುಲಿ ಬಿದ್ದದ್ದಕ್ಕಿಂತ ಹೀಗೆ ಬಿದ್ದದ್ದೇ ಜಾಸ್ತಿ.