ಸ್ಪಷ್ಟನೆ: ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು ಬ್ರಿಟಿಷ್ ಸರ್ಕಾರವಲ್ಲ

ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ದೊರಕಿಸುವ ಬಗೆಯನ್ನು ಪರಿಶೀಲಿಸಲು ಮೈಸೂರು ಸಂಸ್ಥಾನದಲ್ಲಿ ರಚನೆಯಾಗಿದ್ದ ಸಮಿತಿಯೇ ಮಿಲ್ಲರ್ ಸಮಿತಿ. ಮೈಸೂರು, ಮಂಡ್ಯ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ‘ಮಿಲ್ಲರ್ ಸಮಿತಿಯನ್ನು ರಚಿಸಿ ಜಾತಿವಾರು ಉದ್ಯೋಗ ಹಂಚಿದ್ದು ಬ್ರಿಟಿಷರ ಒಡೆದಾಳುವ ತಂತ್ರ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಅಧ್ಯಕ್ಷರ ಹೆಸರು ಇಂಗ್ಲಿಷಿನದೆಂಬುದನ್ನು ಬಿಟ್ಟರೆ ಈ ವಾದಕ್ಕೆ ಆಧಾರವಿಲ್ಲ.

ಸಮಿತಿಯ ಅಧ್ಯಕ್ಷರಾದ ಲೆಸ್ಲಿ ಮಿಲ್ಲರ್ ಅವರು ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದರು. ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯ ನಿಯೋಗವು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಕಂಡು ಹಿಂದುಳಿದ ಸಮುದಾಯಗಳ ಅಹವಾಲನ್ನು ಸಲ್ಲಿಸಿದ ಬಳಿಕ, ಅದೇ ವರ್ಷ ಸಂಸ್ಥಾನದ ಸರ್ಕಾರವೇ ಸಮಿತಿಯನ್ನು ನೇಮಿಸಿತು. ಬೇಡಿಕೆ ಹುಟ್ಟಿದ್ದು ಇಲ್ಲಿಯ ಜನರಲ್ಲಿ.

ಸಮಿತಿಯ ಕೆಲಸ ಬರೀ ಉದ್ಯೋಗಕ್ಕೆ ಸಂಬಂಧಿಸಿತ್ತು ಎಂಬುದೂ ಅರೆಸತ್ಯ. ನೇಮಕಾತಿ ನಿಯಮಗಳ ಜೊತೆಗೆ, ಹಿಂದುಳಿದವರಲ್ಲಿ ಉನ್ನತ ಹಾಗೂ ವೃತ್ತಿಪರ ಶಿಕ್ಷಣವನ್ನು ಉತ್ತೇಜಿಸಲು ಯಾವ ವಿಶೇಷ ಸೌಲಭ್ಯಗಳು ಬೇಕೆಂಬುದನ್ನು ಪರಿಶೀಲಿಸುವ ಹೊಣೆಯನ್ನೂ ಅದಕ್ಕೆ ವಹಿಸಲಾಗಿತ್ತು. ನನ್ನ ದೃಷ್ಟಿಯಲ್ಲಿ ಮುಖ್ಯವಾದುದು ಇದೇ: ಓದಿದರೆ ಕಚೇರಿಯ ಬಾಗಿಲು ತನಗೂ ತೆರೆಯಬಹುದೆಂಬ ಭರವಸೆಯಿಲ್ಲದಿದ್ದರೆ, ಹೊಲದ ಕೆಲಸಕ್ಕೆ ಬೇಕಾದ ಮಗನನ್ನು ಯಾವ ರೈತ ತಾನೇ ಹೈಸ್ಕೂಲಿಗೆ ಕಳುಹಿಸಿಯಾನು?

ದಿವಾನ್ ವಿಶ್ವೇಶ್ವರಯ್ಯನವರಿಗೆ ಸಮುದಾಯವಾರು ಹುದ್ದೆ ನೀಡುವ ಈ ನೀತಿ ಒಪ್ಪಿಗೆಯಿರಲಿಲ್ಲ ಎಂಬುದು ನಿಜ. ಅದನ್ನು ಮರೆಮಾಚುವ ಅಗತ್ಯವೂ ಇಲ್ಲ. ಆದರೂ ಸಮಿತಿಯು 1919ರಲ್ಲಿ ವರದಿ ಕೊಟ್ಟು, ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟನ್ನು 7 ವರ್ಷಗಳೊಳಗೆ ಬ್ರಾಹ್ಮಣೇತರ ಸಮುದಾಯಗಳಿಗೆ ದೊರಕಿಸಬೇಕೆಂದು ಶಿಫಾರಸು ಮಾಡಿತು. ಅದರ ಮೇಲೆ 1921ರಲ್ಲಿ ಆದೇಶ ಹೊರಡಿಸಿದ್ದೂ ಮೈಸೂರು ಸರ್ಕಾರವೇ.