ಖಾತೆಯಲ್ಲಿ ಹಣ ಸಾಲದಿದ್ದರೆ ಬ್ಯಾಂಕಿಗೆ ಶುಲ್ಕ ಕಟ್ಟಬೇಕೆ? ಪರ–ವಿರೋಧ

ಉಳಿತಾಯ ಖಾತೆಯಲ್ಲಿ ಕನಿಷ್ಠ ಮೊತ್ತ ಇಡದವರಿಂದ ಬ್ಯಾಂಕುಗಳು ಒಂದು ಶುಲ್ಕ ಪಡೆಯುತ್ತವೆ. ಸಾಲದ ಕಂತಿಗೆ ಹಣ ಸಾಲದೆ ಅದು ವಾಪಸಾದರೆ ಮತ್ತೊಂದು ಶುಲ್ಕ ಬೀಳುತ್ತದೆ. ಮೊದಲನೆಯದನ್ನು ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಕೈಬಿಟ್ಟಿತು. ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಅದು ಇನ್ನೂ ಇದೆ. ಎರಡನೆಯದರ ಬಗ್ಗೆ ಹೆಚ್ಚು ಚರ್ಚೆಯೇ ನಡೆದಿಲ್ಲ. ಈ ಶುಲ್ಕಗಳು ನ್ಯಾಯವೇ ಎಂಬ ಪ್ರಶ್ನೆಗೆ ಎರಡು ಕಡೆಯ ವಾದಗಳು ಇಲ್ಲಿವೆ.

ಪರ: ಶುಲ್ಕ ಇರಲೇಬೇಕು

ಬ್ಯಾಂಕಿನ ಶುಲ್ಕದ ಮಾತು ಬಂದಾಗ ನಮ್ಮ ಕಡೆ ಬ್ಯಾಂಕಿನ ಪರವಾಗಿ ಮಾತನಾಡುವವರು ಸಿಗುವುದು ಅಪರೂಪ. ಆದರೂ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು. ಇಂಡಿಯಲ್ಲೋ ಮುಧೋಳದಲ್ಲೋ ಇರುವ ಒಂದು ಶಾಖೆಯ ಉಳಿತಾಯ ಖಾತೆಯಲ್ಲಿ ವರ್ಷವಿಡೀ 1,000 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ. 3ರಷ್ಟನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಇಡಬೇಕು, ಶೇ. 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಬೇಕು. ಉಳಿದುದನ್ನು ಶೇ. 9ರ ಬಡ್ಡಿಗೆ ಸಾಲ ಕೊಟ್ಟು, ಖಾತೆದಾರರಿಗೆ ಶೇ. 2.5ರಷ್ಟು ಬಡ್ಡಿ ಕೊಟ್ಟಿತೆಂದು ಹಿಡಿದರೆ ವರ್ಷದ ಕೊನೆಗೆ ಬ್ಯಾಂಕಿನ ಕೈಯಲ್ಲಿ ಉಳಿಯುವುದು 60 ರೂಪಾಯಿಯ ಆಸುಪಾಸು. ಶಾಖೆಯ ಬಾಡಿಗೆ, ಸಿಬ್ಬಂದಿಯ ಪಗಾರ, ನಗದು ಸಾಗಿಸುವ ವಾಹನ, ಅದರ ಜೊತೆಗಿರುವ ಗನ್‌ಮ್ಯಾನ್, ಪಾಸ್‌ಬುಕ್ ಎಂಟ್ರಿ ಮಾಡುವ ಯಂತ್ರ, ಇವೆಲ್ಲದರ ಖರ್ಚೂ ಅದರಲ್ಲೇ ಹೊರಡಬೇಕು.

ಅದೇ ಖಾತೆದಾರರು ಬೇರೆ ಬ್ಯಾಂಕಿನ ಎಟಿಎಂನಿಂದ ಒಮ್ಮೆ ಹಣ ತೆಗೆದರೆ, ಅವರ ಬ್ಯಾಂಕು ಆ ಎಟಿಎಂನ ಬ್ಯಾಂಕಿಗೆ 19 ರೂಪಾಯಿ ಕೊಡಬೇಕು. 2025ರ ಮೇ 1ರಿಂದ ಜಾರಿಯಲ್ಲಿರುವ ದರ ಇದು. ಮೆಟ್ರೋ ನಗರವಲ್ಲದ ನಮ್ಮ ಊರುಗಳಲ್ಲಿ ತಿಂಗಳಿಗೆ ಇಂಥ ಐದು ವ್ಯವಹಾರಗಳು ಗ್ರಾಹಕರಿಗೆ ಉಚಿತ. ಐದನ್ನೂ ಬಳಸಿದರೆ ಬ್ಯಾಂಕಿಗೆ ಒಂದೇ ತಿಂಗಳಲ್ಲಿ 95 ರೂಪಾಯಿ ಖರ್ಚು, ಅಂದರೆ ಇಡೀ ವರ್ಷದ ಗಳಿಕೆಗಿಂತ ಹೆಚ್ಚು. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗಳಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವುದೂ 2020ರ ಜನವರಿಯಿಂದ ನಿಂತಿದೆ. ಹೀಗಿರುವಾಗ ಹಣವಿಲ್ಲದ ಖಾತೆಯ ನಿರ್ವಹಣೆಯ ಖರ್ಚನ್ನು ಯಾರಾದರೂ ಹೊರಲೇಬೇಕು. ಖಾತೆದಾರರು ಕೊಡದಿದ್ದರೆ ಠೇವಣಿ ಇಟ್ಟ ಪಿಂಚಣಿದಾರರಿಗೆ ಬಡ್ಡಿ ಇಳಿಯುತ್ತದೆ, ಇಲ್ಲವೇ ಸಾಲ ಪಡೆದ ರೈತರಿಗೆ ಬಡ್ಡಿ ಏರುತ್ತದೆ.

ಬಡವರ ಗತಿಯೇನು ಎಂದು ಕೇಳಬಹುದು. ಅವರಿಗಾಗಿ ಬೇರೆ ಖಾತೆಯೇ ಇದೆ. 2012ರಿಂದ ಪ್ರತಿ ಬ್ಯಾಂಕೂ ಕನಿಷ್ಠ ಮೊತ್ತದ ಷರತ್ತಿಲ್ಲದ ಮೂಲ ಉಳಿತಾಯ ಖಾತೆಯನ್ನು ಕೇಳಿದವರಿಗೆಲ್ಲ ಕೊಡಬೇಕು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಗಳೂ ಶೂನ್ಯ ಬಾಕಿಯ ಖಾತೆಗಳೇ. ಇವುಗಳನ್ನು ಬಿಟ್ಟು ಚೆಕ್‌ಬುಕ್ಕು, ಹೆಚ್ಚಿನ ಮಿತಿಯ ಕಾರ್ಡು ಬೇಕೆಂದು ಸಾಮಾನ್ಯ ಖಾತೆಯನ್ನು ಆರಿಸಿಕೊಂಡವರು ಅದರ ಷರತ್ತನ್ನೂ ಒಪ್ಪಿ ಸಹಿ ಮಾಡಿರುತ್ತಾರೆ. ಪೇಟೆಯ ಅಂಗಡಿಕಾರರು ದಿನವೂ ಪಿಗ್ಮಿ ತುಂಬಿ, ಅವಧಿಗೆ ಮೊದಲೇ ಅದನ್ನು ಮುರಿಸಿದಾಗ ಕಡಿತವಾಗುವ ಮೊತ್ತವನ್ನು ತಕರಾರಿಲ್ಲದೆ ಒಪ್ಪುತ್ತಾರಲ್ಲವೇ? ಜೊತೆಗೆ 2015ರ ಏಪ್ರಿಲ್ 1ರಿಂದ ಈ ಶುಲ್ಕಕ್ಕೆ ರಿಸರ್ವ್ ಬ್ಯಾಂಕಿನ ಕಡಿವಾಣವೂ ಇದೆ. ಮೊದಲು ಎಸ್ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ಸರಿಪಡಿಸಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು. ಶುಲ್ಕವು ಕೊರತೆಯ ಮೊತ್ತಕ್ಕೆ ಅನುಪಾತದಲ್ಲಿರಬೇಕು. ಶುಲ್ಕದ ಕಾರಣದಿಂದಲೇ ಖಾತೆ ಮೈನಸ್ ಆಗಕೂಡದು.

ಕಂತು ವಾಪಸಾದಾಗ ಬೀಳುವ ಶುಲ್ಕದ ಸಂಗತಿ ಇನ್ನೂ ಸ್ಪಷ್ಟ. ಇಂಥ ತಾರೀಖಿಗೆ ನನ್ನ ಖಾತೆಯಿಂದ ಇಷ್ಟು ಹಣ ತೆಗೆದುಕೊಳ್ಳಿರಿ ಎಂದು ಸಾಲಗಾರರೇ ಬರೆದುಕೊಟ್ಟಿರುತ್ತಾರೆ. ಹಣ ಸಾಲದೆ ಚೆಕ್ ವಾಪಸಾದರೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ ವಿಧಿಸಬಹುದಾದ ಕಾನೂನು ಇದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು ಅದೇ ಶಿಕ್ಷೆಯನ್ನು ವಿದ್ಯುನ್ಮಾನ ಕಂತಿಗೂ ವಿಸ್ತರಿಸಿದೆ. ಸಂಸತ್ತೇ ಅಪರಾಧವೆಂದು ಕಂಡ ಲೋಪಕ್ಕೆ ಕೆಲವು ನೂರು ರೂಪಾಯಿ ಶುಲ್ಕ ವಿಪರೀತವಾಗಲಾರದು. ಶುಲ್ಕ ಕಟ್ಟುವವರೆಲ್ಲ ಬಡವರು ಎಂದುಕೊಳ್ಳುವುದೂ ತಪ್ಪು. ಕೈಯಲ್ಲಿ ಹಣವಿದ್ದೂ ಅದನ್ನು ವ್ಯಾಪಾರದಲ್ಲಿ ತಿರುಗಿಸುತ್ತ, ಕಂತು ನಾಲ್ಕು ದಿನ ತಡವಾದರೇನಾಯಿತು ಎನ್ನುವವರು ಎಪಿಎಂಸಿ ಯಾರ್ಡಿನಲ್ಲಿಯೂ ಇದ್ದಾರೆ, ಸರ್ಕಾರಿ ನೌಕರಿಯಲ್ಲಿಯೂ ಇದ್ದಾರೆ.

ಶುಲ್ಕ ನಿಷೇಧಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅನುಭವವಿದೆ. ಅಲ್ಲಿ ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ಬಳಸಿದವರ ಮೇಲೆ ಹಾಕುತ್ತಿದ್ದ ನಿಗದಿತ ಶುಲ್ಕಗಳನ್ನು 2020ರ ಏಪ್ರಿಲ್‌ನಿಂದ ನಿಯಂತ್ರಕರು ನಿಲ್ಲಿಸಿದರು. ಹಲವು ದೊಡ್ಡ ಬ್ಯಾಂಕುಗಳು ಹಾಗೆ ಹೆಚ್ಚುವರಿಯಾಗಿ ಬಳಸಿದ ಹಣದ, ಅಂದರೆ ಓವರ್‌ಡ್ರಾಫ್ಟಿನ, ವಾರ್ಷಿಕ ಬಡ್ಡಿಯನ್ನು ಶೇ. 40ರ ಸಮೀಪಕ್ಕೆ ಏರಿಸಿದವು, ಅದುವರೆಗೆ ಅಗ್ಗದ ಓವರ್‌ಡ್ರಾಫ್ಟ್ ಬಳಸುತ್ತಿದ್ದವರೂ ಆ ದರಕ್ಕೆ ಒಳಗಾದರು.

ವಿರೋಧ: ಈ ಶುಲ್ಕಕ್ಕೆ ಆಧಾರವಿಲ್ಲ

ಪರ ವಾದದ 60 ರೂಪಾಯಿಯ ಲೆಕ್ಕವನ್ನು ಒಪ್ಪಿಕೊಂಡೇ ಆರಂಭಿಸೋಣ. ಒಂದು ಚಿಕ್ಕ ಖಾತೆಯಿಂದ ಬ್ಯಾಂಕಿಗೆ ಲಾಭವಿಲ್ಲ ಎಂಬುದು ನಿಜ. ಆದರೆ ಆ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿಯೇ ಈ ಶುಲ್ಕ ಎಂಬುದಾದರೆ, ದೇಶದ ಅತಿ ದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕು ಅದನ್ನು 2020ರಲ್ಲಿಯೇ ಬಿಟ್ಟುಕೊಡಲು ಹೇಗೆ ಸಾಧ್ಯವಾಯಿತು? 2025ರಲ್ಲಿ ಕೆನರಾ ಬ್ಯಾಂಕಿನ ಬೆನ್ನಿಗೇ ಪಂಜಾಬ್ ನ್ಯಾಷನಲ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ, ಇಂಡಿಯನ್ ಬ್ಯಾಂಕುಗಳೂ ಬಿಟ್ಟವು. ಜನಧನ ಖಾತೆಗಳ ಹೊರೆಯನ್ನು ಹೆಚ್ಚಾಗಿ ಹೊತ್ತವೂ ಇವೇ ಸರ್ಕಾರಿ ಬ್ಯಾಂಕುಗಳು. ಹೊರೆ ಹೊತ್ತವರಿಗೆ ಬೇಡವಾದ ಶುಲ್ಕ, ಹೊರೆ ಕಡಿಮೆಯಿರುವವರಿಗೆ ಅನಿವಾರ್ಯ ಎಂಬ ವಾದ ನಿಲ್ಲುವುದಿಲ್ಲ.

2019–20ರಿಂದ 2023–24ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಕನಿಷ್ಠ ಮೊತ್ತ ಇಡದವರಿಂದ ಸುಮಾರು 8,500 ಕೋಟಿ ರೂಪಾಯಿ ಸಂಗ್ರಹಿಸಿದವೆಂದು ಕೇಂದ್ರ ಸರ್ಕಾರವೇ 2024ರ ಜುಲೈನಲ್ಲಿ ಲೋಕಸಭೆಗೆ ತಿಳಿಸಿತು. ಇಷ್ಟು ಹಣ ಯಾರಿಂದ ಬಂತೆಂದು ಊಹಿಸಲು ಕಷ್ಟಪಡಬೇಕಿಲ್ಲ: ಖಾತೆಯಲ್ಲಿ ಹಣ ಉಳಿಸಲಾಗದವರಿಂದಲೇ ಬರಬೇಕು.

ಈ ಶುಲ್ಕ ಹೇಗೆ ಬೀಳುತ್ತದೆ ಎಂಬುದನ್ನು ಒಂದು ಪಾಸ್‌ಬುಕ್ಕಿನ ಲೆಕ್ಕದಲ್ಲೇ ನೋಡಬಹುದು. ತಿಂಗಳ ಸರಾಸರಿ ಬಾಕಿ 1,000 ರೂಪಾಯಿ ಇರಬೇಕಾದ ಗ್ರಾಮೀಣ ಶಾಖೆಯ ಸಾಮಾನ್ಯ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾಗುತ್ತದೆ ಎನ್ನೋಣ. ಮನೆಯ ಯಜಮಾನಿ ಆರು ದಿನ ಬಿಟ್ಟು, ಸಂತೆಯ ದಿನ, 1,900 ರೂಪಾಯಿ ತೆಗೆಯುತ್ತಾರೆ. ಉಳಿದ 24 ದಿನ ಖಾತೆಯಲ್ಲಿರುವುದು 100 ರೂಪಾಯಿ. ಪ್ರತಿದಿನದ ಬಾಕಿಯನ್ನು ಕೂಡಿಸಿ 30ರಿಂದ ಭಾಗಿಸಿದರೆ ಸರಾಸರಿ 480 ರೂಪಾಯಿ, ಅಂದರೆ 520 ರೂಪಾಯಿ ಕೊರತೆ. ಖಾತೆ ಒಂದು ದಿನವೂ ಬರಿದಾಗಿಲ್ಲ, ಆದರೂ ಶುಲ್ಕ ತಪ್ಪುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಶುಲ್ಕಕ್ಕೆ ಆಧಾರವಾದ 480 ಎಂಬ ಅಂಕಿ ಪಾಸ್‌ಬುಕ್ಕಿನ ಯಾವ ಸಾಲಿನಲ್ಲಿಯೂ ಅಚ್ಚಾಗುವುದಿಲ್ಲ. ಅಚ್ಚಾಗುವುದು ಕಡಿತದ ಸಾಲು ಮಾತ್ರ, ಅದೂ ಮೂರು ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ. ತಿಂಗಳ ಮುಂಚೆ ಎಸ್ಎಂಎಸ್ ಕಳಿಸಬೇಕೆಂಬ ನಿಯಮವನ್ನು ಬ್ಯಾಂಕುಗಳು ಪಾಲಿಸುತ್ತವೆ ಎಂದೇ ಇಟ್ಟುಕೊಂಡರೂ, ಆ ಸಂದೇಶ ಇಂಗ್ಲಿಷಿನಲ್ಲಿದ್ದು ಮಗನ ಮೊಬೈಲಿಗೆ ಹೋಗಿರುತ್ತದೆ, ಮಗ ದುಡಿಯಲು ಗೋವಾದಲ್ಲೋ ಪುಣೆಯಲ್ಲೋ ಇರುತ್ತಾನೆ.

ಖಾತೆ ಮೈನಸ್ ಆಗಬಾರದೆಂಬ ನಿಯಮದ ಕಥೆಯೂ ಹೀಗೆಯೇ. ಹಣವಿಲ್ಲದಿದ್ದರೆ ಶುಲ್ಕವನ್ನು ಬಾಕಿ ಎಂದು ಬರೆದಿಟ್ಟುಕೊಂಡು, ಮುಂದೆ ಹಣ ಜಮೆಯಾದಾಗ ಮೊದಲು ಅದನ್ನು ಕಡಿದುಕೊಳ್ಳುವ ರೂಢಿ ಇದೆ. ಹೀಗೆ ಸರ್ಕಾರ ಒಂದು ಕುಟುಂಬಕ್ಕೆಂದು ಕಳಿಸಿದ ಹಣದಲ್ಲಿ, ಪಿಎಂ ಕಿಸಾನ್ ಕಂತಾಗಲಿ ವೃದ್ಧಾಪ್ಯ ವೇತನವಾಗಲಿ, ಬ್ಯಾಂಕು ತನ್ನ ಪಾಲನ್ನು ಮೊದಲು ತೆಗೆದುಕೊಳ್ಳುತ್ತದೆ.

ಬಡವರಿಗೆ ಬೇರೆ ಖಾತೆ ಇದೆಯಲ್ಲ ಎಂಬ ಮಾತು ಕಾಗದದ ಮೇಲೆ ಸರಿ. ನಮ್ಮ ಕಡೆ ದುಡಿಮೆ ನಡೆಯುವ ರೀತಿಗೆ ಅದು ಹೊಂದುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಸೇರಿದ ಹಂಗಾಮಿ ಕಾರ್ಮಿಕನಿಗೆ ಶೂನ್ಯ ಬಾಕಿಯ ಸಂಬಳದ ಖಾತೆ ತೆರೆಯುತ್ತಾರೆ. ಹಂಗಾಮು ಮುಗಿದು ಮೂರು ತಿಂಗಳು ಪಗಾರ ಜಮೆಯಾಗದಿದ್ದರೆ ಎಷ್ಟೋ ಬ್ಯಾಂಕುಗಳು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸುತ್ತವೆ. ಕನಿಷ್ಠ ಮೊತ್ತದ ಷರತ್ತು ಆಗ, ಅಂದರೆ ದುಡಿಮೆ ನಿಂತ ಮೇಲೆ, ಜಾರಿಗೆ ಬರುತ್ತದೆ. ಇದನ್ನು ಕಾರ್ಮಿಕ ತಾನಾಗಿ ಆರಿಸಿಕೊಂಡ ಖಾತೆ ಎಂದು ಕರೆಯಲು ನನಗೆ ಮನಸ್ಸು ಬಾರದು. ರಬಕವಿ–ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಮೇಲೆ ವಾರದ ಲೆಕ್ಕದಲ್ಲಿ ದುಡಿಯುವವರ ಆದಾಯವೂ ನೂಲಿನ ದರ, ಸೀರೆಯ ಬೇಡಿಕೆಯ ಜೊತೆ ಏರಿಳಿಯುತ್ತದೆ. ತಿಂಗಳ ಸರಾಸರಿ ಎಂಬ ಅಳತೆ ತಿಂಗಳ ಪಗಾರದವರಿಗಾಗಿ ಮಾಡಿದ್ದು.

ಇನ್ನು ಕಂತು ವಾಪಸಾದ ಶುಲ್ಕ. ನನ್ನ ದೃಷ್ಟಿಯಲ್ಲಿ ಎರಡರಲ್ಲಿ ಹೆಚ್ಚು ಅನ್ಯಾಯದ್ದು ಇದೇ, ಏಕೆಂದರೆ ಇದಕ್ಕೆ ಕೊರತೆಯ ಅನುಪಾತವೆಂಬುದೇ ಇಲ್ಲ. ಬೈಕ್ ಸಾಲದ 3,200 ರೂಪಾಯಿಯ ಕಂತು 5ನೇ ತಾರೀಖಿಗೆ ಬಂದಾಗ ಖಾತೆಯಲ್ಲಿ 3,050 ರೂಪಾಯಿ ಇದೆ. ಕೊರತೆ 150. ಖಾತೆದಾರರ ಬ್ಯಾಂಕು ವಾಪಸಿಗೆ 500 ರೂಪಾಯಿ ಹಾಕುತ್ತದೆಂದು ಹಿಡಿದರೆ, ಶೇ. 18ರ ಜಿಎಸ್‌ಟಿ ಸೇರಿ 590 ಆಯಿತು. ಸಾಲ ಕೊಟ್ಟ ಫೈನಾನ್ಸ್ ಕಂಪನಿ ತನ್ನ ಬೌನ್ಸ್ ಶುಲ್ಕವನ್ನು ಬೇರೆಯಾಗಿ ಬರೆದುಕೊಳ್ಳುತ್ತದೆ. ಮೊದಲ ಕಡಿತದಿಂದ ಬಾಕಿ 2,460ಕ್ಕೆ ಇಳಿದಿರುವುದರಿಂದ, ಕೆಲವು ದಿನಗಳಲ್ಲಿ ಕಂತು ಮತ್ತೆ ಬಂದಾಗ ಕೊರತೆ 150ರ ಬದಲು 740 ಆಗಿರುತ್ತದೆ. ಕಂತು ಎರಡನೆಯ ಸಲ ವಾಪಸಾಗಲು ಬ್ಯಾಂಕಿನ ಶುಲ್ಕವೇ ದಾರಿ ಮಾಡಿಕೊಟ್ಟಂತಾಯಿತು, ಅದಕ್ಕೂ ಮತ್ತೆ ಶುಲ್ಕ. ಈ ವಾಪಸಾತಿಯಲ್ಲಿ ಯಾವ ಗುಮಾಸ್ತನೂ ಪೆನ್ನು ಎತ್ತಿಲ್ಲ, ಎಲ್ಲವನ್ನೂ ಮಾಡಿದ್ದು ಕಂಪ್ಯೂಟರು.

ತಡವಾದ ಹಣಕ್ಕೆ ಪರಿಹಾರ ಎಷ್ಟಿರಬೇಕು ಎಂಬುದಕ್ಕೆ ನಮ್ಮ ಕಬ್ಬು ಬೆಳೆಗಾರರಿಗೆ ಪರಿಚಿತವಾದ ಒಂದು ಕಾನೂನಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನಗಳಲ್ಲಿ ಕಬ್ಬಿನ ಬಿಲ್ಲು ಪಾವತಿಸಬೇಕು; ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಆ ಬಡ್ಡಿ ಎಷ್ಟು ರೈತರ ಕೈ ಸೇರಿದೆ ಎಂಬುದು ಬೇರೆ ಮಾತು. ಅದೇ ದರದಲ್ಲಿ 150 ರೂಪಾಯಿಗೆ ಒಂದು ತಿಂಗಳ ಬಡ್ಡಿ ಎರಡು ರೂಪಾಯಿಯೂ ಆಗುವುದಿಲ್ಲ. ಲಕ್ಷಗಟ್ಟಲೆ ಬಾಕಿ ಉಳಿಸಿಕೊಂಡ ಕಾರ್ಖಾನೆಗೆ ಬಡ್ಡಿಯ ಲೆಕ್ಕ, ಆ ಬಾಕಿಯಿಂದಾಗಿಯೇ ಕಂತು ತಪ್ಪಿದ ರೈತರಿಗೆ ಮಾತ್ರ ಕೊರತೆಯ ಸುಮಾರು ನಾಲ್ಕು ಪಟ್ಟು ಶುಲ್ಕ.

ಸಂಸತ್ತು ಇದನ್ನು ಅಪರಾಧವೆಂದಿದೆ ಎಂಬ ವಾದವೂ ಬ್ಯಾಂಕಿಗೆ ನೆರವಾಗುವುದಿಲ್ಲ. ಆ ಕಲಮಿನ ಶಿಕ್ಷೆ ವಿಧಿಸುವವರು ನ್ಯಾಯಾಧೀಶರು, ಅದೂ ನೋಟಿಸು ಕೊಟ್ಟು ವಿಚಾರಣೆ ನಡೆಸಿದ ಮೇಲೆ. ಖಾಸಗಿ ಒಪ್ಪಂದ ಮುರಿದವರಿಂದ ಪಡೆಯಬಹುದಾದ ಮೊತ್ತಕ್ಕೆ 1872ರ ಕರಾರು ಕಾಯ್ದೆಯ 74ನೇ ಕಲಮು ಅನ್ವಯಿಸುತ್ತದೆ. ಒಪ್ಪಂದದಲ್ಲಿ ಎಷ್ಟೇ ದಂಡ ಬರೆದಿದ್ದರೂ ಆ ಮಿತಿಯೊಳಗೆ ಸಮಂಜಸವಾದ ಪರಿಹಾರ ಮಾತ್ರ ಸಲ್ಲಬೇಕು ಎಂಬುದು ಅದರ ಸಾರ. ಸಾಲದ ಖಾತೆಗಳಲ್ಲಿ ದಂಡದ ಬಡ್ಡಿ ಹಾಕಿ ಆದಾಯ ಹೆಚ್ಚಿಸಿಕೊಳ್ಳಬಾರದೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಹೇಳಿತು. ಕಂತು ವಾಪಸಿನ ಶುಲ್ಕಕ್ಕೂ ಅದೇ ನ್ಯಾಯವನ್ನು ಹಚ್ಚಲು ಅಡ್ಡಿಯೇನೆಂದು ತಿಳಿಯದು.

ಬ್ರಿಟನ್ನಿನ ಉದಾಹರಣೆಯನ್ನು ಪೂರ್ತಿಯಾಗಿ ಹೇಳಬೇಕಿತ್ತು. 2009ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಶುಲ್ಕಗಳ ಮೊಕದ್ದಮೆಯಲ್ಲಿ ಬ್ಯಾಂಕುಗಳ ಪರವಾಗಿಯೇ ತೀರ್ಪು ಕೊಟ್ಟಿತ್ತು. ಹತ್ತು ವರ್ಷದ ಬಳಿಕ ನಿಯಂತ್ರಕರು ನಿಗದಿತ ಶುಲ್ಕಗಳನ್ನು ನಿಲ್ಲಿಸಿದ್ದು ನ್ಯಾಯಾಲಯದ ಒತ್ತಾಯದಿಂದಲ್ಲ. ಶೇ. 40ರ ಬಡ್ಡಿ ಹೆಚ್ಚೆಂಬುದು ನಿಜವಾದರೂ, 150 ರೂಪಾಯಿಗೆ ಆ ದರದಲ್ಲಿ ಒಂದು ತಿಂಗಳಿಗೆ ಐದು ರೂಪಾಯಿ ಆಗುತ್ತದೆ. 590 ಮತ್ತು 5ರ ನಡುವೆ ಆರಿಸಿಕೊಳ್ಳಿರೆಂದರೆ ಬನಹಟ್ಟಿಯ ಯಾವ ನೇಕಾರರೂ ತಡಮಾಡಲಾರರು.

ಹಾಗೆ ನೋಡಿದರೆ ಇದಕ್ಕೆ ಬೇಕಾದ ವ್ಯವಸ್ಥೆ ಇಲ್ಲಿಯೇ ಇದೆ. ಜನಧನ ಖಾತೆದಾರರಿಗೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಸಿಗಬೇಕು, ಅದರಲ್ಲಿ 2,000 ರೂಪಾಯಿವರೆಗೆ ಷರತ್ತಿಲ್ಲ ಎಂದು 2018ರಲ್ಲಿಯೇ ಸರ್ಕಾರ ಘೋಷಿಸಿದೆ. 150 ರೂಪಾಯಿ ಕಡಿಮೆ ಬಿದ್ದ ದಿನ ಅಷ್ಟನ್ನು ಬಡ್ಡಿಗೆ ಕೊಟ್ಟು ಕಂತನ್ನು ಸಾಗಿಸಿದರೆ ಫೈನಾನ್ಸ್ ಕಂಪನಿಗೆ ಹಣ ಸಕಾಲಕ್ಕೆ ಸೇರುತ್ತದೆ, ಬ್ಯಾಂಕಿಗೂ ಬಡ್ಡಿ ಬರುತ್ತದೆ. ಅದನ್ನು ಕೊಡಲೊಲ್ಲದ ಬ್ಯಾಂಕು ವಾಪಸಾತಿಗೆ ತನಗೆ ತಗಲಿದ ಖರ್ಚನ್ನು ತೋರಿಸಿ ಅಷ್ಟನ್ನೇ ಪಡೆಯಲಿ, ಒಂದು ಕಂತಿಗೆ ಒಂದೇ ಸಲ.