ಸತ್ಯಾಂಶ: ಏರ್ ಫಿಲ್ಟರ್‌ಗೆ ಪೆಟ್ರೋಲ್ ಸುರಿದರೆ ಹಳೆ ಲಾರಿ ಸ್ಟಾರ್ಟ್ ಆಗುತ್ತದೆಯೇ?

"ಡೀಸೆಲ್ ಲಾರಿ ಸ್ಟಾರ್ಟ್ ಆಗದಿದ್ದರೆ ಏರ್ ಫಿಲ್ಟರ್ ಬಿಚ್ಚಿ ಒಂದು ಲೋಟ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯಿರಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ದಯವಿಟ್ಟು ಹೀಗೆ ಮಾಡಬೇಡಿ. ಡೀಸೆಲ್ ಎಂಜಿನ್‌ನಲ್ಲಿ ಇಂಧನ ಯಾವಾಗ ಒಳಹೋಗಬೇಕು ಎಂಬುದನ್ನು ಪಂಪ್ ನಿರ್ಧರಿಸುತ್ತದೆ. ಗಾಳಿಯ ಜೊತೆ ನುಗ್ಗಿದ ಪೆಟ್ರೋಲ್‌ಗೆ ಆ ಹಿಡಿತವಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಉರಿದರೆ ಪಿಸ್ಟನ್‌ಗೆ ಪೆಟ್ಟು. ದ್ರವವಾಗಿಯೇ ಸಿಲಿಂಡರ್‌ನಲ್ಲಿ ನಿಂತರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಬೆಂಕಿ ಹಿಂದಕ್ಕೆ ಹಾರಿದರೆ ಸುರಿದವರ ಮುಖವೇ ಸುಡುತ್ತದೆ.

ಅದರ ಬದಲು, ಸೆಲ್ಫ್ ಹೊಡೆಯುವಾಗ ಮೊದಲು ಸೈಲೆನ್ಸರ್ ನೋಡಿ. ಎಂಜಿನ್ ಚುರುಕಾಗಿ ತಿರುಗಿಯೂ ಹೊಗೆ ಚೂರೂ ಬಾರದಿದ್ದರೆ ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ. ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಎಳೆದಲ್ಲೇ ಸಿಕ್ಕಿಕೊಂಡಿರಬಹುದು, ಅದನ್ನು ನೋಡುವುದು ಅರೆನಿಮಿಷದ ಕೆಲಸ. ಹಳೆ ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರ್‌ಗೂ ಒಂದೊಂದು ಪಂಪ್ ಸಾಲಾಗಿರುವ) ಲಾರಿಗಳಲ್ಲಿ ಹೆಚ್ಚಾಗಿ ಕಾಡುವುದು ಪೈಪಿನೊಳಗೆ ಸೇರಿದ ಗಾಳಿ. ಡೀಸೆಲ್ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಹ್ಯಾಂಡ್ ಪ್ರೈಮರ್ (ಡೀಸೆಲ್ ತಳ್ಳುವ ಪುಟ್ಟ ಕೈಪಂಪು) ಒತ್ತುತ್ತಿರಿ. ಮೊದಲು ನೊರೆ ಉಕ್ಕುತ್ತದೆ, ಆಮೇಲೆ ಬಿಡಿ ಗುಳ್ಳೆಗಳು. ತಿಳಿ ಡೀಸೆಲ್ ಹರಿಯತೊಡಗಿದಾಗ, ಪ್ರೈಮರ್ ಒತ್ತಿ ಹಿಡಿದೇ ಸ್ಕ್ರೂ ಬಿಗಿಮಾಡಿ. ಪಂಪಿನ ಮೇಲಿನ ಸ್ಕ್ರೂಗೂ ಹೀಗೇ. ಗುಳ್ಳೆ ನಿಲ್ಲದೇ ಇದ್ದರೆ ಟ್ಯಾಂಕಿನಿಂದ ಬರುವ ಪೈಪ್ ಬಿರುಕು ಬಿಟ್ಟಿದೆಯೇ, ಪೈಪ್ ಜೋಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೊ ಬೋಲ್ಟ್) ವಾಷರ್ ಸವೆದಿದೆಯೇ ಹುಡುಕಿ.

ಎಂಜಿನ್ ಎಳೆದೆಳೆದು ತಿರುಗಿದರೆ ದೋಷ ಕರೆಂಟಿನ ಕಡೆಗೆ. 24 ವೋಲ್ಟ್ ಲಾರಿಯ ಎರಡೂ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಯಿರಿ: ಪೂರ್ತಿ ಚಾರ್ಜ್ ಆಗಿದ್ದರೆ ತಲಾ ಸುಮಾರು 12.6 ವೋಲ್ಟ್ ಇರಬೇಕು. ಟರ್ಮಿನಲ್, ಅರ್ತ್ ಪಟ್ಟಿ ಉಜ್ಜಿ ಬಿಗಿಮಾಡಿ. ಸೆಲ್ಫ್ ಒಮ್ಮೆಗೆ 10 ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಹೊಸ ಕಾಮನ್ ರೈಲ್ ಲಾರಿಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಮಾತ್ರ ಸಡಿಲಿಸಲೇಬೇಡಿ. ಅಲ್ಲಿನ ಒತ್ತಡಕ್ಕೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.